ನಮ್ಮ ಹಿತ್ತಲಿನ ಶನಿ

ನಮ್ಮ ಮಾವನವರಿಗೆ ಶನಿ ಹಿಡಿದಿತ್ತು. ಸೊಸೆಯಾದವಳು ಮಾವನ ವಿಷಯದಲ್ಲಿ ಹೀಗೆಲ್ಲ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ಇದು ನನ್ನ ಮಾತಲ್ಲ, ಅವರದ್ದೇ. ಊರಿನ ಅರಳಿಕಟ್ಟೆಯ ಮೇಲೆ ಕೂತು, "ನೆನ್ನೆ ಸಂಜೆ ಶನಿ ಸಿಕ್ದ ಕಣ್ರಪ್ಪ, ಏನು ಚೆನ್ನಾಗಿದ್ದ ಅಂತೀರಿ!" ಎಂದು ಎದುರಿಗೆ ಬಂದವರಿಗೆಲ್ಲ ಅವರೇ ಹೇಳಿಕೊಳ್ಳುತ್ತಿದ್ದರು. ಲೋಕದ ಜನವೆಲ್ಲ ಶನಿಯ ಕಣ್ಣಿಗೆ ಬೀಳದ ಹಾಗೆ ತಲೆ ತಪ್ಪಿಸಿಕೊಂಡು ತಿರುಗುತ್ತಿದ್ದರೆ, ಇವರು ಹಿತ್ತಲಿನಲ್ಲಿ ದುರ್ಬೀನಿನ ಕೊಳವೆ ನಿಲ್ಲಿಸಿಕೊಂಡು, ಸೊಳ್ಳೆ ಕಚ್ಚಿಸಿಕೊಂಡು, ತೆಂಗಿನ ಗರಿಗಳ ಸಂದಿಯಲ್ಲಿ ಆ ಮಹರಾಯನನ್ನು ಹುಡುಕಿ ಹುಡುಕಿ ನೋಡುತ್ತಿದ್ದರು. ತಾವು ನೋಡಿದ್ದು ಸಾಲದೆಂದು ದಾರಿಯಲ್ಲಿ ಹೋಗುವವರನ್ನೂ ಕೈಹಿಡಿದು ಎಳೆತಂದು ತೋರಿಸುತ್ತಿದ್ದರು. ಇಂಥವರನ್ನು ಏನೆನ್ನಬೇಕು, ನೀವೇ ಹೇಳಿ!

ನಾನು ಹಾಸನದ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ದಬ್ಬೇಘಟ್ಟದ ಪಕ್ಕದ ಈ ಊರಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಗಂಡ ತುರುವೇಕೆರೆಯಲ್ಲಿ ಕಚೇರಿ ಕೆಲಸದಲ್ಲಿದ್ದರು, ತೋಟದ ಉಸ್ತುವಾರಿ ಮಾವನವರದ್ದು. ಹೆಣ್ಣು ನೋಡಲು ಬಂದ ದಿನ ಮಾವನವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದಲ್ಲ. "ನಿಮ್ಮೂರಲ್ಲಿ ಸಪ್ತರ್ಷಿ ಮಂಡಲ ಚೆನ್ನಾಗಿ ಕಾಣ್ತದೇನಮ್ಮಾ?" ನಾನು ತಬ್ಬಿಬ್ಬಾಗಿ ಅಮ್ಮನ ಮುಖ ನೋಡಿದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ತಣ್ಣಗೆ, "ಗಾಬರಿಯಾಗ್ಬೇಡ ಕಣವ್ವ, ಹಗಲೊತ್ತು ನಮ್ಮನೇಲಿ ಎಲ್ಲಾರೂ ಸರಿಯಾಗೇ ಇರ್ತಾರೆ" ಎಂದರು. ಆ ಮಾತು ಕೇಳಿಯೇ ನಾನು ಈ ಸಂಬಂಧಕ್ಕೆ ಒಪ್ಪಿದ್ದು ಎಂದರೆ ನನ್ನ ಗಂಡನಿಗೆ ಈಗಲೂ ಮುಖ ಸಣ್ಣಗಾಗುತ್ತದೆ.

ದುರ್ಬೀನಿನ ಜನ್ಮವೃತ್ತಾಂತವನ್ನು ಅತ್ತೆಯ ಬಾಯಿಂದಲೇ ಕೇಳಬೇಕು. ಮಾವನವರು ಒಮ್ಮೆ ಬೆಂಗಳೂರಿಗೆ ಕೃಷಿ ವಸ್ತುಪ್ರದರ್ಶನ ನೋಡಲು ಹೋಗಿದ್ದರಂತೆ. ಹೋದದ್ದು ಹೊಸ ಪಂಪ್‌ಸೆಟ್ಟಿನ ವಿಚಾರ ತಿಳಿದುಕೊಂಡು ಬರಲು. ಸಂಜೆಯಾದ ಮೇಲೆ ಅಲ್ಲಿ ಯಾರೋ ಕಾಲೇಜಿನವರು ಬಯಲಿನಲ್ಲಿ ದುರ್ಬೀನು ನಿಲ್ಲಿಸಿಕೊಂಡಿದ್ದರು. ಇವರೂ ಸಾಲಿನಲ್ಲಿ ನಿಂತು, ಕಣ್ಣಿಟ್ಟು, ಶನಿಯನ್ನೂ ಅದರ ಸುತ್ತಲಿನ ಬಳೆಯನ್ನೂ ನೋಡಿದರು. ಪಂಪ್‌ಸೆಟ್ಟು ಅಲ್ಲಿಗೇ ಮರೆತುಹೋಯಿತು. ಮತ್ತೆ ಮತ್ತೆ ಬೆಂಗಳೂರಿಗೆ ಅಲೆದು ಒಂದು ದೊಡ್ಡ ಗಾಜು, ಒಂದು ಸಣ್ಣ ಗಾಜು ತಂದರು. ಮಿಕ್ಕದ್ದೆಲ್ಲ ಮನೆಯಲ್ಲೇ ತಯಾರು. ಬೋರ್‌ವೆಲ್ಲಿಗೆಂದು ತರಿಸಿದ ಪೈಪಿನಲ್ಲಿ ಉಳಿದ ತುಂಡು ಕೊಳವೆಯಾಯಿತು. ಅಡಿಕೆ ಮರ ಸೀಳಿದ ದಬ್ಬೆಗಳು ಕಾಲುಗಳಾದವು. ದೊಡ್ಡ ಗಾಜಿಗೆ ಧೂಳು ಕೂರದಂತೆ ಒಂದು ಮುಚ್ಚಳ ಬೇಕಲ್ಲ? ಅದಕ್ಕೆ ಅರ್ಧ ತೆಂಗಿನ ಚಿಪ್ಪು! ಕೊಳವೆಯ ಬಾಯಿಗೆ ಸರಿಯಾಗಿ ಕೂರುವ ಚಿಪ್ಪು ಸಿಗುವವರೆಗೆ ಕಾಯಿಯ ಮೇಲೆ ಕಾಯಿ ಒಡೆದರಂತೆ. ಮನೆಯಲ್ಲಿ ಬೆಳಗ್ಗೆ ಕಾಯಿ ಚಟ್ನಿ, ಮಧ್ಯಾಹ್ನ ಕಾಯಿ ಹುಳಿ, ಸಂಜೆ ಕಾಯಿ ಮಿಠಾಯಿ. "ಮುಚ್ಚಳ ಸಿಕ್ಕಿದ್ ದಿನ ದೇವ್ರಿಗೆ ಕಾಯಿ ಒಡೀಬೇಕಿತ್ತು. ಕಾಯಿ ಮುಖ ನೋಡೋಕೂ ಆಗ್ದೆ ಬರೀ ಕೈ ಮುಗ್ದು ಬಂದೆ" ಎನ್ನುತ್ತಿದ್ದರು ಅತ್ತೆ.

ಊರೆಲ್ಲ ಬಂದು ನೋಡಿ ಹೋದರೂ ಮಾವನವರಿಗೆ ಸಮಾಧಾನವಿರಲಿಲ್ಲ. ನೋಡಬೇಕಾದವರೇ ನೋಡಿರಲಿಲ್ಲ. ನಮ್ಮ ಅತ್ತೆ ಒಂದೇ ಒಂದು ಸಲವೂ ಆ ಕೊಳವೆಗೆ ಕಣ್ಣಿಟ್ಟವರಲ್ಲ. ಒಂದು ದಿನ ನಾನು ಹಿತ್ತಲಿಗೆ ಕಾಫಿ ತೆಗೆದುಕೊಂಡು ಹೋದಾಗ ಮಾವನವರು ದಬ್ಬೆಗೆ ಹಗ್ಗ ಬಿಗಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದರು: "ಬೆಂಗ್ಳೂರಲ್ಲಿ ಮೊದ್ಲನೇ ಸಲ ಶನಿ ಕಂಡಾಗ ನಂಗೇನನ್ನಿಸ್ತು ಗೊತ್ತೇನಮ್ಮಾ? ಅಯ್ಯೋ, ಇವ್ಳು ಪಕ್ಕದಲ್ಲಿಲ್ವಲ್ಲ ಅಂತ. ಇಷ್ಟೆಲ್ಲ ಕಟ್ಟಿದ್ದು ಅವ್ಳಿಗೆ ತೋರ್ಸೋಕೇ. ಅವ್ಳು ಈ ಕಡೀಗೇ ಬರಾಕಿಲ್ಲ ಅಂತಾಳೆ." ಅಷ್ಟು ದೊಡ್ಡ ಮನುಷ್ಯ ಮಗುವಿನ ಹಾಗೆ ಮುಖ ಸಪ್ಪೆ ಮಾಡಿಕೊಂಡದ್ದು ನೋಡಿ ನನಗೆ ನಗು ಬಂತು, ಒಂದು ಕಡೆ ಸಂಕಟವೂ ಆಯಿತು.

ಅತ್ತೆಯ ಹತ್ತಿರ ನೆಪಗಳಿಗೆ ಬರವಿರಲಿಲ್ಲ. ಒಲೆಯ ಮೇಲೆ ಹಾಲಿದೆ. ಹೊರಗೆ ಸೊಳ್ಳೆ. ಇವತ್ತು ಮಂಗಳವಾರ. "ಶನಿಯನ್ನ ಹುಡ್ಕಂಡ್ ಹೋಗಿ ಯಾರಾದ್ರೂ ನೋಡ್ತಾರೇನ್ರೀ? ಅವ್ನು ನಮ್ ಕಡಿಕ್ ತಿರುಗ್ದೆ ಇದ್ರೆ ಸಾಕು ಅಂತ ಎಳ್ಳೆಣ್ಣೆ ದೀಪ ಹಚ್ತೀವಿ. ನೀವು ಬಾರಪ್ಪಾ ಬಾರಪ್ಪಾ ಅಂತ ಕರೀತೀರ!" ಸರಿ, ಶನಿ ಬೇಡ, ಚಂದ್ರನನ್ನಾದರೂ ನೋಡು ಎಂದರೆ, "ಚಂದ್ರ ನಮ್ಮನೆ ಬಾವೀಲೇ ಕಾಣ್ತಾನೆ ಬುಡ್ರಿ, ಅದಕ್ಕೆ ಕೊಳವೆ ಯಾಕೆ" ಎನ್ನುತ್ತಿದ್ದರು. ಮಾವನವರು ಹಿತ್ತಲಿಗೆ ವಾಪಸಾಗುತ್ತಿದ್ದರು.

ಅಲ್ಲಿ ಅವರಿಗೆ ಇನ್ನೊಂದು ತೊಂದರೆ. ನಮ್ಮ ಕಡೆ ಆಕಾಶ ಎನ್ನುವುದು ಇಡಿಯಾಗಿ ಸಿಗುವ ಪದಾರ್ಥವಲ್ಲ. ತಲೆಯೆತ್ತಿದರೆ ಗರಿ, ಗರಿಯ ಸಂದಿಯಲ್ಲಿ ಚೂರು ಆಕಾಶ, ಮತ್ತೆ ಗರಿ. ಮಾವನವರಿಗೆ ಪ್ರತಿ ಸಂದಿಯೂ ಬಾಯಿಪಾಠ. "ಗುರು ಈಗ ಬಾವಿ ಪಕ್ಕದ ಮರದ ಹಿಂದವ್ನೆ, ಊಟ ಮುಗ್ಸೋ ಅಷ್ಟೊತ್ತಿಗೆ ಈಚೆ ಬತ್ತಾನೆ" ಎಂದು ನೆಂಟರ ವಿಷಯ ಹೇಳುವ ಹಾಗೆ ಹೇಳುತ್ತಿದ್ದರು. ಶನಿ ಮಾತ್ರ ದಕ್ಷಿಣದ ಬೇಲಿಯಂಚಿನ ಒಂದು ಮರದ ತಲೆಯಲ್ಲೇ ಸಿಕ್ಕಿಕೊಳ್ಳುತ್ತಿದ್ದ. ಕಾಯಿ ಕೆಡವಲು ಬಂದ ಮರ ಹತ್ತುವವನಿಗೆ ಎರಡು ಹಸಿ ಗರಿ ಕಡಿದುಬಿಡು ಎಂದರು. ಅವನು ಬೆಚ್ಚಿಬಿದ್ದ. ಫಲ ಬಿಡುವ ಮರದ ಹಸಿ ಗರಿ ಕಡಿಯುವುದೇ? ಒಳಗಿನಿಂದ ಅತ್ತೆಯ ದನಿ ಬಂತು: "ಗ್ರಹಕ್ಕೆ ದಾರಿ ಬಿಡೋಕೆ ಮರದ ಕೈ ಕಡೀತೀರೇನ್ರೀ?" ಮಾವನವರು ಯೋಚಿಸಿ ಬೇರೆ ಉಪಾಯ ಹೂಡಿದರು. ಮೇಲಿನ ಗರಿಗಳನ್ನೆಲ್ಲ ಒಟ್ಟು ಸೇರಿಸಿ ಹಗ್ಗದಿಂದ ಬಿಗಿದು ಕಟ್ಟಿಸಿದರು. ಮರಕ್ಕೆ ಜುಟ್ಟು ಕಟ್ಟಿದ ಹಾಗಾಯಿತು. ಅಂದು ಸಂಜೆ ಶನಿ ನಿರಾತಂಕವಾಗಿ ದರ್ಶನ ಕೊಟ್ಟ.

ಬೆಳಗಾದ ಮೇಲೆ ನೋಡಿ ತಮಾಷೆ! ದಾರಿಯಲ್ಲಿ ಹೋಗುವವರೆಲ್ಲ ಬೇಲಿಯ ಹತ್ತಿರ ನಿಂತು ಜುಟ್ಟಿನ ಮರ ನೋಡುವವರೇ. ನಮ್ಮ ಕಡೆಯ ಜನ ತೆಂಗಿನ ವಿಷಯದಲ್ಲಿ ಬಹಳ ಸೂಕ್ಷ್ಮ. ಪಕ್ಕದ ತೋಟದವನು ಬುಡಕ್ಕೆ ಒಂದು ಬುಟ್ಟಿ ಬೂದಿ ಹಾಕಿದರೂ ಯಾಕೆಂದು ತಿಳಿದುಕೊಳ್ಳದೆ ನಿದ್ದೆ ಮಾಡುವವರಲ್ಲ. ಯಜಮಾನರು ಬೆಂಗಳೂರಿಗೆ ಹೋಗಿ ಬರುವವರು, ಇಳುವರಿ ಹೆಚ್ಚಿಸುವ ಹೊಸ ಕ್ರಮ ತಂದಿದ್ದಾರೆ, ಯಾರಿಗೂ ಬಾಯಿ ಬಿಡುತ್ತಿಲ್ಲ ಎಂದು ಸುದ್ದಿಯಾಯಿತು. ಪಕ್ಕದ ತೋಟದ ಶಿವಣ್ಣ ಸದ್ದಿಲ್ಲದೆ ತನ್ನ ಮರಗಳಿಗೂ ಜುಟ್ಟು ಕಟ್ಟಿಸಿದ. ಅವನನ್ನು ನೋಡಿ ಅವನಾಚೆಯವನೂ ಕಟ್ಟಿಸಿದ. ಕೊನೆಗೆ ಗ್ರಾಮಸೇವಕರೇ ಸೈಕಲ್ ತುಳಿದುಕೊಂಡು ಬಂದು, "ಇದು ಯಾವ ಸ್ಕೀಮು ಸಾರ್? ನಮ್ಗೇ ಸುತ್ತೋಲೆ ಬಂದಿಲ್ವಲ್ಲ!" ಎಂದು ಕೇಳಿದರು. ಮಾವನವರು ಶನಿಯ ಕತೆ ಹೇಳಿದರೆ ಯಾರೂ ನಂಬಲಿಲ್ಲ. ಮುಂದಿನ ಸಲ ಕಾಯಿ ಕೆಡವಿದಾಗ ಶಿವಣ್ಣ ಗುಟ್ಟಾಗಿ ಬಂದು, "ಒಂದ್ ಚೂರು ಜಾಸ್ತೀನೇ ಬಂದದೆ ಯಜಮಾನ್ರೇ" ಎಂದು ಪಿಸುಗುಟ್ಟಿದ.

ಈ ಶಿವಣ್ಣ ದುರ್ಬೀನಿನ ಮೊದಲ ಭಕ್ತ. ಭಕ್ತಿಗೆ ಕಾರಣ ನಕ್ಷತ್ರವಲ್ಲ, ಕಳ್ಳರು. ಆಗ ತೋಟಗಳಲ್ಲಿ ಕಾಯಿ ಕಳ್ಳತನ ವಿಪರೀತ. ನಮ್ಮ ಹಿತ್ತಲಿನಲ್ಲಿ ಫಿರಂಗಿಯಂಥ ಯಂತ್ರ ನಿಂತ ಮೇಲೆ ನಮ್ಮ ತೋಟದ ಕಡೆ ಕಳ್ಳರು ತಲೆ ಹಾಕಲಿಲ್ಲ. ಕತ್ತಲಲ್ಲಿ ಕಳ್ಳನ ಮೀಸೆಯ ಕೂದಲೂ ಅದರಲ್ಲಿ ಕಾಣುತ್ತದೆಯಂತೆ ಎಂದು ಊರಿನಲ್ಲಿ ಹಬ್ಬಿತ್ತು. ಶಿವಣ್ಣ ಬಂದು ಕೈಕಟ್ಟಿ ನಿಂತ.

"ಯಜಮಾನ್ರೇ, ಅದ್ರ ಮೂತೀನ ನಮ್ಮ ತೋಟದ ಕಡಿಕೂ ವಸಿ ತಿರುಗ್ಸಿ."

"ಇದು ನಕ್ಷತ್ರ ನೋಡೋದು ಕಣಪ್ಪ."

"ಅದು ಸರಿ ಬುಡಿ. ಆದ್ರೆ ನಕ್ಷತ್ರ ಎಲ್ಲಿಗೋಯ್ತವೆ? ಹೋಗೋದು ಕಾಯಲ್ವಾ!"

ಮಾವನವರು ಹಗಲಿನಲ್ಲೇ ಕೊಳವೆಯನ್ನು ಅವನ ತೋಟಕ್ಕೆ ತಿರುಗಿಸಿ ನೋಡು ಎಂದರು. ಶಿವಣ್ಣ ಕಣ್ಣಿಟ್ಟವನೇ "ಅಯ್ಯಯ್ಯೋ!" ಎಂದು ಹಿಂದಕ್ಕೆ ನೆಗೆದ. ಅವನ ಮರಗಳೆಲ್ಲ ಬುಡ ಮೇಲಾಗಿ ನೇತಾಡುತ್ತಿದ್ದವು! ಇಂಥ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುವುದು, ಆಕಾಶಕ್ಕೆ ಮೇಲೂ ಇಲ್ಲ ಕೆಳಗೂ ಇಲ್ಲವಾದ್ದರಿಂದ ನಕ್ಷತ್ರ ನೋಡುವವರಿಗೆ ಅದರಿಂದ ತೊಂದರೆಯಿಲ್ಲ ಎಂದು ಮಾವನವರು ಸಮಾಧಾನ ಹೇಳಿದರು. ಶಿವಣ್ಣ ಬಹಳ ಹೊತ್ತು ತಲೆ ಕೆರೆದುಕೊಂಡ. "ಹಂಗಾರೆ ಕಳ್ಳ ಬಂದ್ರೂ ಉಲ್ಟಾನೇ ಕಾಣ್ತಾನಾ?" ಎಂದ. ಹೂಂ ಎಂದರು. "ಉಲ್ಟಾ ಇರೋನ ಗುರ್ತು ಹೆಂಗೆ ಹತ್ತೀತು ಯಜಮಾನ್ರೇ? ಬೇಡ ಬುಡಿ, ನಾಯೀನೇ ಸಾಕ್ತೀನಿ" ಎಂದು ಹೊರಟುಹೋದ.

ಒಂದು ಬೇಸಿಗೆಯಲ್ಲಿ ಶನಿ ಸಂಜೆಗೇ ಕೈಗೆ ಸಿಗುತ್ತಿದ್ದ. ಆಗ ನಡೆದದ್ದು ನಿಜವಾದ ಅನಾಹುತ. ಮೂಲೆಮನೆಯ ಅಜ್ಜಿಯ ಮಗನಿಗೆ ಏಳೂವರೆ ವರ್ಷದ ಶನಿಕಾಟ ಶುರುವಾಗಿದೆ ಎಂದು ಯಾರೋ ಜೋಯಿಸರು ಹೇಳಿದ್ದರು. ಅಜ್ಜಿಗೆ ಹೊಳೆಯಿತು: ಗುಡಿಯಲ್ಲಿರುವುದು ಕಲ್ಲಿನ ಶನಿ, ಯಜಮಾನರ ಹಿತ್ತಲಿನಲ್ಲಿ ಸಿಗುವುದು ಸಾಕ್ಷಾತ್ ಶನಿ! ಶನಿವಾರ ಮುಸ್ಸಂಜೆಗೆ ಸರಿಯಾಗಿ ಎಳ್ಳೆಣ್ಣೆ ಬತ್ತಿ, ಕರ್ಪೂರ, ಕಾಯಿ ಹಿಡಿದುಕೊಂಡು ಹಾಜರಾದರು. ಮಾವನವರು ಕೊಳವೆ ಹೊಂದಿಸಿ ಈಚೆ ಸರಿಯುವುದರೊಳಗೆ ಅಜ್ಜಿ ಅದರ ಕಾಲಿನ ಪಕ್ಕದ ಕಲ್ಲಿಗೆ ಕಾಯಿ ಅಪ್ಪಳಿಸಿಯೇಬಿಟ್ಟರು. ನೀರೆಲ್ಲ ಗಾಜಿಗೆ ಚಿಮ್ಮಿತು. ಮಾವನವರು ಪಂಚೆಯ ತುದಿಯಲ್ಲಿ ಗಾಜು ಒರೆಸುವುದರೊಳಗೆ ಕರ್ಪೂರದ ಹೊಗೆ ಸುತ್ತಿಕೊಂಡಿತು. ಕೊನೆಗೂ ಅಜ್ಜಿ ಕಣ್ಣಿಟ್ಟರು. "ಅಯ್ಯೋ ನಮ್ಮಪ್ಪಾ, ಬಳೆ ಹಾಕ್ಕಂಡವ್ನಲ್ಲ! ಲಕ್ಷಣವಾಗವ್ನೆ" ಎಂದವರು, ಆಮೇಲೆ ಕೊಳವೆಯ ತುದಿಗೇ ಬಾಯಿಟ್ಟು, ಟೆಲಿಫೋನಿನಲ್ಲಿ ಮಾತಾಡುವ ಹಾಗೆ, "ನನ್ ಮಗನ್ ಮ್ಯಾಲಿಂದ ಇಳ್ಕಳಪ್ಪಾ, ನಿಂಗೆ ಪುಣ್ಯ ಬತ್ತದೆ" ಎಂದು ಬೇಡಿಕೊಂಡರು.

ಆ ಮೇಲಿನ ಶನಿವಾರಗಳಲ್ಲಿ ಹಿತ್ತಲಿನಲ್ಲಿ ಸಾಲು. ಮಾವನವರು ಬಳೆ ಎಂದರೇನು, ಶನಿ ಎಷ್ಟು ದೂರ ಎಂದು ವಿವರಿಸಲು ಹೋದರೆ, ಜನ ಕೈಮುಗಿದುಕೊಂಡು ಮಂತ್ರ ಕೇಳಿದ ಹಾಗೆ ಕೇಳುತ್ತಿದ್ದರು. ಅತ್ತೆ ಅಡುಗೆಮನೆಯ ಬಾಗಿಲಿನಿಂದ, "ಪೂಜಾರಪ್ಪಾರು ಊಟಕ್ಕೆ ಬತ್ತಾರೋ, ಇಲ್ಲಾ ನೈವೇದ್ಯದಾಗೇ ಮುಗುಸ್ಕಂಡ್ರೋ?" ಎಂದು ಕೂಗುತ್ತಿದ್ದರು. ಮಾವನವರು ಒಳಗೆ ಬಂದು ಊಟಕ್ಕೆ ಕೂತು, "ಅಜ್ಜಿ ನೋಡಿದ್ರು, ಊರೇ ನೋಡ್ತು. ನೀನೊಬ್ಳೇ ಕಣೇ ಬಾಕಿ" ಎನ್ನುತ್ತಿದ್ದರು. ಅತ್ತೆ ಸಾರು ಬಡಿಸುತ್ತಿದ್ದರು.

ಅತ್ತೆ ಹೊರಗೆ ಬರದೆಯೇ ಆಕಾಶದ ಸಂಗತಿ ಹೇಳಿದ್ದೂ ಉಂಟು. ಒಮ್ಮೆ ಮಾವನವರು ಹೊಸ ನಕ್ಷತ್ರ ಕಂಡುಹಿಡಿದರು. ಬಲು ಕೆಳಗೆ, ಎರಡು ಬೊಡ್ಡೆಗಳ ನಡುವೆ, ಕೆಂಪಗೆ ಹೊತ್ತಿಕೊಂಡು, ಆಮೇಲೆ ಫಕ್ಕನೆ ಆರಿಹೋಗುವ ನಕ್ಷತ್ರ. ಊಟ ಬಿಟ್ಟು ಅದರ ಹಿಂದೆ ಬಿದ್ದರು. ಅದು ಯಾವಾಗ ಹೊತ್ತುತ್ತದೆ, ಯಾವಾಗ ಆರುತ್ತದೆ ಎಂಬುದಕ್ಕೆ ಹಿಂದುಮುಂದಿಲ್ಲ. ದೊಡ್ಡ ವಿದ್ವಾಂಸರಿಗೆ ತಿಳಿಸಬೇಕು ಎಂದು ಚಡಪಡಿಸುತ್ತಿದ್ದರು. ಒಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಅದು ಹೊತ್ಕಂಡಾಗೆಲ್ಲ ಶಿವಣ್ಣನ ಮೋಟ್ರು ಗುಂಯ್ ಅಂತದಲ್ಲ, ಕೇಳುಸ್ತಿಲ್ವೇನ್ರೀ? ಅವ್ನ ಪಂಪ್ ಮನೆ ಬಲ್ಬು ಕಣ್ರೀ ಅದು! ಕರೆಂಟ್ ಬಂದದೆ, ನೀವೂ ಹೋಗಿ ನೀರು ತಿರುಗ್ಸಿ." ಮಾವನವರು ಗುದ್ದಲಿ ಹೆಗಲಿಗೇರಿಸಿದರು. ಅತ್ತೆಯ ಕಿವಿ ಎಷ್ಟು ಚುರುಕು ಎಂದು ನಾನು ಬೆರಗಾದೆ. ಬೆರಗಾಗಿ ಅಲ್ಲಿಗೇ ಬಿಟ್ಟೆ.

ಯುಗಾದಿಯ ಮಾರನೆಯ ಸಂಜೆ ಎಳೆ ಚಂದ್ರನನ್ನು ನೋಡುವುದು ನಮ್ಮ ಕಡೆ ತಪ್ಪದ ಪದ್ಧತಿ. ಪಡುವಣ ಬಾನಿನಲ್ಲಿ ಅದು ಒಂದು ಗೀರಿನಷ್ಟೇ ಇರುತ್ತದೆ. ಕಂಡವರು ಕಾಣದವರಿಗೆ ತೋರಿಸಬೇಕು, ಎಲ್ಲರೂ ಕೈಮುಗಿಯಬೇಕು, ಹಿರಿಯರ ಕಾಲಿಗೆ ನಮಸ್ಕಾರ ಮಾಡಬೇಕು. ಚಂದ್ರನ ಯಾವ ಕೊಂಬು ಮೇಲಕ್ಕಿದೆ ಎಂದು ನೋಡಿ ಆ ವರ್ಷದ ಮಳೆ ಬೆಳೆ ಹೇಳುವುದೂ ಉಂಟು. ಅದನ್ನು ಮಾತ್ರ ದುರ್ಬೀನಿನಲ್ಲಿ ನೋಡಬಾರದೆಂದು ಶಿವಣ್ಣನ ಖಡಾಖಂಡಿತ ಅಭಿಪ್ರಾಯ: "ನಿಮ್ಮ ಉಲ್ಟಾ ಗಾಜಿನಾಗೆ ನೋಡಿದ್ರೆ ಮಳೆ ಕೆಳಗಿಂದ ಮ್ಯಾಲಕ್ಕೆ ಹುಯ್ದಾತು!"

ಒಂದು ವರ್ಷ ಚಂದ್ರ ಗರಿಗಳ ಹಿಂದೆ ಅವಿತುಕೊಂಡು ಎಲ್ಲರನ್ನೂ ಆಟವಾಡಿಸಿದ. ಕೊನೆಗೆ ಮಾವನವರೇ ಒಂದು ಸಂದಿಯಲ್ಲಿ ಅವನನ್ನು ಹಿಡಿದು, ಕೊಳವೆ ಹೊಂದಿಸಿದರು. ನಾನು, ಶಿವಣ್ಣ, ಮೂಲೆಮನೆ ಅಜ್ಜಿ ಎಲ್ಲ ನೋಡಿದೆವು. ಅಜ್ಜಿಯ ಕೈಯಲ್ಲಿ ಕರ್ಪೂರ ಕಂಡದ್ದೇ ತಡ, ಮಾವನವರು ಗಾಜಿಗೆ ಚಿಪ್ಪು ಮುಚ್ಚಿ, ಸೀದಾ ಅಡುಗೆಮನೆಗೆ ನುಗ್ಗಿದರು. ಇವತ್ತು ಶನಿಯಲ್ಲ, ಹಬ್ಬದ ಚಂದ್ರ. ನೋಡುವುದಿಲ್ಲ ಎನ್ನುವಂತಿಲ್ಲ. ಅತ್ತೆಯ ನೆಪಗಳೆಲ್ಲ ಖರ್ಚಾಗಿದ್ದವು. ಮಾವನವರೇ ಕೈಹಿಡಿದು ಕರೆತಂದಾಗ, "ಬುಡ್ರಿ, ಜನ ಅವ್ರೆ" ಎಂದು ಗೊಣಗುತ್ತ ಬಂದರು. ಮಾವನವರ ಮುಖದಲ್ಲಿದ್ದ ಸಂಭ್ರಮವನ್ನು ಏನು ಹೇಳಲಿ! ಆ ಸಂಭ್ರಮದಲ್ಲಿ ಚಿಪ್ಪು ತೆಗೆಯುವುದೇ ಮರೆತುಹೋಯಿತು.

ಅತ್ತೆ ಬಗ್ಗಿದರು. ಕೊಳವೆಗೆ ಕಣ್ಣಿಟ್ಟರು. ಆಮೇಲೆ ಕೈಮುಗಿದರು. "ಹೂಂ ಕಣ್ರೀ, ಕಂಡ. ಬೆಳ್ಳಿ ಕುಡುಗೋಲು ಇದ್ದಂಗವ್ನೆ. ಏನು ಚೆಂದ!"

ಶಿವಣ್ಣ ಚಿಪ್ಪಿನ ಕಡೆ ನೋಡಿದ, ನಾನೂ ನೋಡಿದೆ. ಇಬ್ಬರೂ ಗೊಳ್ಳೆಂದು ನಕ್ಕೆವು. ಮಾವನವರಿಗೂ ನಗು ತಡೆಯಲಾಗಲಿಲ್ಲ. "ಲೇ, ಚಿಪ್ಪಿನೊಳ್ಗೆ ಚಂದ್ರನ್ನ ಕಂಡ್ಯಲ್ಲೇ! ಇಷ್ಟು ದಿನ ನಾನ್ಯಾಕೆ ಗಾಜಿಗೆ ಅಲೆದೆ?" ಎಂದು ಚಿಪ್ಪು ಕಿತ್ತರು. "ಈಗ ನೋಡು." ಅತ್ತೆ ಮತ್ತೆ ಬಗ್ಗಿದರು. "ಈಗ್ಲೂ ಹಂಗೇ ಅವ್ನೆ" ಎಂದರು. ದನಿ ಸ್ವಲ್ಪ ಅದುರಿತು. ಮಾವನವರ ನಗು ನಿಂತಿತು. ಅವರು ಅತ್ತೆಯನ್ನು ಮೆಲ್ಲಗೆ ಈಚೆ ತಂದು ನಿಲ್ಲಿಸಿ, "ಕೊಳವೆ ಹಾಳಾಗ್ಲಿ. ಬರೀ ಕಣ್ಣಲ್ಲೇ ನೋಡು, ಅಗೋ ಅಲ್ಲಿ" ಎಂದು ಪಡುವಣಕ್ಕೆ ಬೆರಳು ತೋರಿಸಿದರು. ಅತ್ತೆ ಬೆರಳಿನ ಕಡೆ ನೋಡಲಿಲ್ಲ. ದನಿ ಬಂದ ಕಡೆ ನೋಡಿದರು.

ಅಜ್ಜಿಯ ಕರ್ಪೂರ ಕೈಯಲ್ಲೇ ಉಳಿಯಿತು.

ಎರಡು ಕಣ್ಣಿಗೂ ಪೊರೆ ಬಂದಿತ್ತು. ಯಾವಾಗಿನಿಂದಲೋ! ಮನೆಯ ಮೂಲೆಮೂಲೆಯೂ ಕೈಗೆ ಕಾಲಿಗೆ ಗೊತ್ತಿದ್ದದ್ದರಿಂದ ದಿನ ದೂಡಿದ್ದರು. ಅಕ್ಕಿ ಆರಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ನನ್ನ ಪಾಲಿಗೆ ಬಿಟ್ಟಿದ್ದರು; ಅದು ಅತ್ತೆಯರ ದರ್ಬಾರು ಎಂದು ನಾನು ತಿಳಿದಿದ್ದೆ. ಅಷ್ಟೆಲ್ಲ ಮುಚ್ಚಿಟ್ಟದ್ದೇಕೆ ಎಂದು ನನ್ನ ಗಂಡ ಅವತ್ತು ರೇಗಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೇಳಿದ್ರೆ ಒಲೆ ಮುಂದಿಂದ ಎಬ್ಬಿಸಿ ಮೂಲೇಲಿ ಕೂರುಸ್ತೀರಿ. ಕೊಯ್ಸಬೇಕು ಅಂತೀರಿ. ನಂಗೆ ಭಯ. ಅಲ್ದೆ ನಿಮ್ಮಪ್ಪ ಅಷ್ಟು ಆಸೆಯಿಂದ ನೋಡು ನೋಡು ಅಂತಿರುವಾಗ ನಂಗೆ ಕಾಣಾಕಿಲ್ಲ ಅಂತ ಹೆಂಗಪ್ಪಾ ಹೇಳಲಿ?" ಎಂದರು.

ಮಾವನವರು ಆ ಸಂಜೆ ಉಣ್ಣಲಿಲ್ಲ. ದುರ್ಬೀನನ್ನು ಗೋಣಿಚೀಲದಲ್ಲಿ ಸುತ್ತಿ, ಅಟ್ಟದ ಮೇಲೆ ಕೊಬ್ಬರಿಗೆಂದು ಒಣಗಲು ಹಾಕಿದ್ದ ಕಾಯಿಗಳ ಹಿಂದೆ ತಳ್ಳಿಬಿಟ್ಟರು. ಕೋಟಿ ಮೈಲಿಯಾಚೆಯ ಬಳೆ ಕಂಡಿತು, ತಟ್ಟೆ ಮುಂದಿಡುವವಳ ಕಣ್ಣು ಕಾಣಲಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವುದು ಬೇಕಿರಲೂ ಇಲ್ಲ. ಮನೆಯಲ್ಲಿ ಒಬ್ಬರ ಜೊತೆ ಒಬ್ಬರು ಇಷ್ಟು ವರ್ಷ ಬದುಕಿ, ಒಬ್ಬರಿಗೆ ಏನು ಕಾಣುತ್ತದೆ ಎಂದು ಇನ್ನೊಬ್ಬರು ಕೇಳುವುದೇ ಇಲ್ಲವಲ್ಲ ಎಂದು ನನಗೆ ಅನ್ನಿಸಿ ಬಹಳ ದುಃಖವಾಯಿತು. ನನ್ನ ಗಂಡನಿಗೆ ಏನು ಕಾಣುತ್ತದೆ ಎಂದು ನಾನಾದರೂ ಎಂದು ಕೇಳಿದ್ದೆ?

ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಮಾವನವರೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಂಡತಿಯ ಕೈ ಬಿಡಲಿಲ್ಲವಂತೆ. ಆ ಕಾಲದಲ್ಲಿ, ಆ ವಯಸ್ಸಿನಲ್ಲಿ, ದಬ್ಬೇಘಟ್ಟದ ಬಸ್ಸಿನಲ್ಲಿ! ಅದೇ ಬಸ್ಸಿನಲ್ಲಿದ್ದ ಶಿವಣ್ಣ ನಾಚಿಕೊಂಡು ಕಿಟಕಿಯಾಚೆ ನೋಡುತ್ತ ಕೂತನಂತೆ. ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು. ಹಸಿರು ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ಅತ್ತೆ ಕೆಮ್ಮಬಾರದು, ಸೀನಬಾರದು, ಬಗ್ಗಬಾರದು. ಮಾವನವರು ಅಡುಗೆಮನೆಯ ಬಾಗಿಲಿನಲ್ಲೇ ಕಾವಲು ಕೂತರು. ಒಗ್ಗರಣೆಯ ಘಾಟು ಬರಬಾರದೆಂದು ಮೆಣಸಿನಕಾಯಿಗೆ ಪ್ರವೇಶವಿಲ್ಲ! ಗಾಯ ಮಾಗುವವರೆಗೆ ನಾವೆಲ್ಲ ಸಪ್ಪೆ ಸಾರು ಉಂಡೆವು. "ಕಣ್ಣು ಕೊಯ್ದಿದ್ದು ನಂದು, ನಾಲಿಗೆ ಕೊಯ್ದಿದ್ದು ಎಲ್ಲಾರ್ದೂ" ಎಂದು ಅತ್ತೆಯೇ ನಗಾಡಿದರು.

ದಪ್ಪ ಗಾಜಿನ ಕನ್ನಡಕ ಬಂದ ದಿನ ಅತ್ತೆ ಮನೆಯೆಲ್ಲ ಸುತ್ತಿದರು. ಅಡುಗೆಮನೆಯ ಗೋಡೆ ನೋಡಿ, ಇಷ್ಟು ಮಸಿ ಯಾವಾಗ ಹಿಡಿಯಿತು ಎಂದು ಬೈದರು. ಆಮೇಲೆ ನನ್ನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ನಿಲ್ಲಿಸಿಕೊಂಡರು. "ಹೆಣ್ಣು ನೋಡೋಕೆ ಅಂತ ನಿಮ್ಮನೆಗೆ ಬಂದಿದ್ನಲ್ಲ, ಈಗ ನೋಡ್ದೆ ಕಣವ್ವ. ಚೆನ್ನಾಗಿದೀಯ" ಎಂದರು. ನನಗೆ ಅಳು ಬಂತು. ಅವರು ಅದನ್ನು ಗಮನಿಸದವರ ಹಾಗೆ ಮಾವನವರ ಕಡೆ ತಿರುಗಿ, "ಎಲ್ರೀ ನಿಮ್ಮ ಶನಿ? ಅಟ್ಟದಿಂದ ಇಳ್ಸಿ" ಎಂದರು. ಮಾವನವರು ಕೇಳಿಸದವರ ಹಾಗೆ ಕೂತರು. "ಇಳ್ಸಿ ಅಂದ್ನಲ್ಲ" ಎಂದು ಅತ್ತೆ ಇನ್ನೊಂದು ಸಲ ಹೇಳಬೇಕಾಯಿತು.

ಮುಂಗಾರು ಮೋಡ ಸರಿದ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಮೂವರೇ ಹಿತ್ತಲಿಗೆ ಹೋದೆವು. ಈ ಸಲ ಜನವನ್ನು ಕರೆಯಲಿಲ್ಲ. ಮಾವನವರು ಶನಿಯನ್ನು ಹಿಡಿದು ಈಚೆ ಸರಿದರು. ಅತ್ತೆ ಬಗ್ಗಿದರೆ ದಪ್ಪ ಕನ್ನಡಕ ಕೊಳವೆಗೆ ಟಕ್ ಎಂದು ತಾಗುತ್ತಿತ್ತು, ಕಣ್ಣು ಹತ್ತಿರಕ್ಕೇ ಹೋಗುತ್ತಿರಲಿಲ್ಲ.

"ಕನ್ನಡಕ ತೆಗಿ" ಎಂದರು ಮಾವನವರು.

"ತೆಗೆದ್ರೆ ನಿಮ್ಮ ಮುಖಾನೇ ಕಾಣಾಕಿಲ್ಲ."

"ನನ್ ಮುಖ ಎಲ್ಲಿಗೋಯ್ತದೆ ಬುಡು. ತೆಗಿ. ಈ ಒಳಗಿನ ಕೊಳವೆ ಹಿಂದಕ್ಕೆ ಮುಂದಕ್ಕೆ ಎಳುದ್ರೆ ಒಬ್ಬೊಬ್ರ ಕಣ್ಣಿಗೆ ಒಂದೊಂದು ಕಡೆ ಸರಿಹೋಗ್ತದೆ. ನಿನ್ ಕಣ್ಣಿಗೆ ಎಲ್ಲಿ ಅಂತ ಹುಡುಕಾನ. ಆದ್ರೆ ಒಂದು ಮಾತು. ಕಾಣ್ದಿದ್ರೆ ಕಾಣಾಕಿಲ್ಲ ಅನ್ಬೇಕು."

ಅತ್ತೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಮಾವನವರು ಸಣ್ಣ ಗಾಜಿದ್ದ ಒಳಗಿನ ಕೊಳವೆಯನ್ನು ಎಳ್ಳೆಳ್ಳಷ್ಟೇ ಈಚೆಗೆ ಎಳೆಯುತ್ತ ಹೋದರು. "ಕಾಣ್ತಾ?" "ಇಲ್ಲ." "ಈಗ?" "ಹಿಟ್ಟು ಚೆಲ್ಲಿದಂಗದೆ." "ಈಗ?" "ಚೂರು ಚಿಕ್ಕದಾಯ್ತು." ಇನ್ನೊಂದಿಷ್ಟು ಎಳೆದರು. "ನಿಲ್ಸಿ! ನಿಲ್ಸಿ!" ಎಂದರು ಅತ್ತೆ. ಮಾವನವರು ಕೊಳವೆಯಿಂದ ಕೈ ತೆಗೆದರು.

"ಅಯ್ಯೋ ಕಂದಾ, ಎಷ್ಟು ಪುಟ್ಟೋನು! ನಿಜವಾಗ್ಲೂ ಬಳೆ ಐತೆ ಕಣ್ರೀ. ಇವ್ನಿಗೇನ್ರೀ ಊರೆಲ್ಲ ಹೆದ್ರೋದು?"

ಅತ್ತೆ ಬಹಳ ಹೊತ್ತು ನೋಡಿದರು. ಸಾಕಾದ ಮೇಲೆ ಈಚೆ ಬಂದು, ನನ್ನ ಕೈಯಿಂದ ಕನ್ನಡಕ ತೆಗೆದುಕೊಂಡು ಹಾಕಿಕೊಂಡರು. ಮಾವನವರು ಆತುರದಿಂದ ಬಗ್ಗಿ ಕಣ್ಣಿಟ್ಟರು. ಅವರ ಕೈ ಅಭ್ಯಾಸದಂತೆ ಒಳಗಿನ ಕೊಳವೆಯನ್ನು ತಮ್ಮ ಕಣ್ಣಿಗೆ ಸರಿಪಡಿಸಿಕೊಳ್ಳಲು ಹೋಯಿತು. ಅರ್ಧಕ್ಕೇ ನಿಂತಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅತ್ತೆಯ ಕಣ್ಣಿಗೆ ಹೊಂದಿಸಿದ್ದ ಹಾಗೆಯೇ ನೋಡುತ್ತ ನಿಂತರು. ಅವತ್ತು ಅವರು ಈಚೆ ಬಂದ ಮೇಲೆ ನಾನೂ ಬಗ್ಗಿ ನೋಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ: ನಮ್ಮ ಕಣ್ಣಿಗೆ ಅಲ್ಲಿ ಶನಿಯೂ ಇಲ್ಲ, ಬಳೆಯೂ ಇಲ್ಲ. ಒಂದು ಬೆಳ್ಳನೆಯ ಮಬ್ಬು, ಅಷ್ಟೆ.

ಮಾವನವರು ಕೊಳವೆಯಿಂದ ಕಣ್ಣು ತೆಗೆಯದೆಯೇ ಕೇಳಿದರು: "ಹಿಂಗಾ ಕಾಣ್ತಿದ್ದದ್ದು ನಿಂಗೆ?"

"ಏನು?"

"ಎಲ್ಲಾ. ಮನೆ, ಮಗ... ನಾನು."

"ನಿಮ್ಮನ್ನ ಕಾಣ್ದೇ ಏನು, ಎಲ್ಲಿದ್ರೂ ಶನಿ ಶನಿ ಅಂತ ಕೂಗ್ತಿದ್ರಲ್ಲ. ಗೊತ್ತಾಗ್ತಿತ್ತು ಬುಡಿ" ಎಂದರು ಅತ್ತೆ.

ಮಾವನವರು ನಗಲಿಲ್ಲ. ಬಗ್ಗಿದವರು ಬಗ್ಗಿಯೇ ಇದ್ದರು. ಆ ಮಬ್ಬಿನಲ್ಲಿ ಅಷ್ಟು ಹೊತ್ತು ನೋಡುವಂಥದ್ದೇನಿತ್ತು? ಅತ್ತೆ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಪಕ್ಕದಿಂದ ಅವರ ಮುಖ ನೋಡಿದರು. ಸೆರಗಿನ ತುದಿಯನ್ನು ಅವರ ಕೈಗೆ ಕೊಟ್ಟರು.

"ಒರೆಸ್ಕಳ್ರೀ" ಎಂದರು. "ಈಗ ನಂಗೆ ಕಾಣ್ತದೆ."